ಗದ್ದೆಗೆ ಸೇರದ ಗುಡ್ಡೆ

ವೇಣೂರು
14-1-1957

ಸುಬ್ಬಪ್ಪಾ,

ಮೂಡಬಿದಿರೆಯ ಒಂದೇ ಶಾಲೆಯಲ್ಲಿ ಹನ್ನೊಂದು ವರ್ಷ ಪಾಠ ಹೇಳಿ, ಒಂದೇ ಕೋಣೆಯಲ್ಲಿ ಗಂಜಿ ಬೇಯಿಸಿ ತಿಂದವರು ನಾವು. ಆದರೂ ನೀನು ಚುನಾವಣೆಗೆ ನಿಂತ ಸುದ್ದಿ ನನಗೆ ಅಬ್ದುಲ್ ಶುಕೂರರ ಅಂಗಡಿಯ ಗೋಡೆಯಿಂದ ತಿಳಿಯಬೇಕಾಯಿತು. ಉಪ್ಪು ತರಲು ಹೋದವನಿಗೆ ನಿನ್ನ ಮುಖ ಕಂಡಿತು. ಅಂಟು ಇನ್ನೂ ಹಸಿಯಾಗಿತ್ತು. "ನಿಮ್ಮ ದೋಸ್ತಿ ಅಲ್ವಾ ಮಾಸ್ಟ್ರೇ? ಫೋಟೋದಲ್ಲಿ ಕೂದಲು ಸ್ವಲ್ಪ ಜಾಸ್ತಿ ಉಂಟು," ಎಂದರು ಶುಕೂರರು.

ಕರಪತ್ರವನ್ನು ಮನೆಗೆ ತಂದು ಎರಡು ಸಲ ಓದಿದೆ. ನನ್ನ ತಗಡಿನ ಪೆಟ್ಟಿಗೆಯಲ್ಲಿ ಮೂವತ್ತೇಳನೇ ಇಸವಿಯಿಂದ ಈಚಿನ ಎಲ್ಲ ಚುನಾವಣೆಗಳ ಕರಪತ್ರಗಳಿವೆ. ಮೂವತ್ತೇಳರಲ್ಲಿ ನಿಂತವರು ರೈತನ ಕಣ್ಣೀರು ಒರೆಸುವೆನೆಂದರು. ಅವರು ಮದ್ರಾಸಿನ ರೈಲು ಹತ್ತಿದ್ದನ್ನು ನೋಡಿದವರಿದ್ದಾರೆ, ಇಳಿದದ್ದನ್ನು ನೋಡಿದವರಿಲ್ಲ. ಐವತ್ತೆರಡರಲ್ಲಿ ನಿಂತವರು ಒಂದು ವರ್ಷದೊಳಗೆ ಗೇಣಿಯ ಕಾನೂನು ತರುವೆನೆಂದು ಬರೆಸಿ, ತಮ್ಮ ಗೇಣಿದಾರರನ್ನು ಆ ವರ್ಷದೊಳಗೇ ಗದ್ದೆಯಿಂದ ಬಿಡಿಸಿದರು. ನಿನ್ನ ಮೂರನೆಯ ಕಲಮು ಇವರೆಲ್ಲರದಕ್ಕಿಂತ ನೇರವಾಗಿದೆ: "ತಾನೇ ದುಡಿದು ಉಣ್ಣುವ ಪ್ರತಿಯೊಂದು ಕುಟುಂಬದ ಗದ್ದೆಯನ್ನು ಕಾಪಾಡುವೆನು." ಒಳ್ಳೆಯದು. ಆದರೆ ಅದಕ್ಕೆ ಇನ್ನೊಂದು ಸಾಲು ಬೇಕು.

ಇದನ್ನು ಬರೆದವನು ಘಟ್ಟದ ಮೇಲಿನವನಿರಬೇಕು. ಅವನಿಗೆ ತಿಳಿಸು. ನಮ್ಮಲ್ಲಿ ಗದ್ದೆಯ ಮಗ್ಗುಲಿಗೆ ಗುಡ್ಡೆ ಇರುತ್ತದೆ. ಅದು ಸರಕಾರದ್ದೇ. ಆದರೆ ಅಲ್ಲಿ ಸೊಪ್ಪು ಕಡಿಯುವ, ದನ ಮೇಯಿಸುವ ಹಕ್ಕು ಗದ್ದೆಯ ಒಡೆಯನಿಗೆ ಮಾತ್ರ. ಅದಕ್ಕೆ ಕುಮ್ಕಿ ಎನ್ನುತ್ತೇವೆ. ಗೇಣಿಗೆ ಗದ್ದೆ ಮಾಡುವವರು ಒಡೆಯನ ನೆರಳಿನಲ್ಲಿ ಆ ಸೊಪ್ಪು ತಂದು ದನದ ಹಟ್ಟಿಗೆ ಹಾಕುತ್ತಾರೆ, ಅದು ಗೊಬ್ಬರವಾಗಿ ಗದ್ದೆಗೆ ಹೋಗುತ್ತದೆ. ಕಾನೂನು ಗದ್ದೆಯನ್ನು ಮಾತ್ರ ರೈತನಿಗೆ ಕೊಟ್ಟು ಗುಡ್ಡೆಯನ್ನು ಒಡೆಯನಲ್ಲೇ ಬಿಟ್ಟರೆ?

ನಮ್ಮ ಮನೆಯ ಕೆಳಬೈಲು ಗದ್ದೆ ಮಾಡುವ ಪೂವಮ್ಮನನ್ನು ನೀನು ನೋಡಿದ್ದೀ. ಗಂಡ ಹುಕ್ರಪ್ಪ ಸತ್ತ ಮೇಲೆ ಮಗಳು ಪದ್ಮಾಕ್ಷಿಯೊಬ್ಬಳನ್ನು ಜೊತೆಗಿಟ್ಟುಕೊಂಡು ಏಣೇಲು, ಸುಗ್ಗಿ ಎರಡೂ ಬೆಳೆ ತೆಗೆಯುತ್ತಾಳೆ. ಅವಳಿಗೆ ನಿನ್ನ ಕಲಮನ್ನು ತುಳುವಿನಲ್ಲಿ ಓದಿ ಹೇಳಿದೆ.

"ಗದ್ದೆ ನನಗೇ ಅಂತ ಬರೆದಿದ್ದಾರಾ?" ಎಂದಳು.

"ನಿನ್ನನ್ನು ಏಳಿಸಲಿಕ್ಕೆ ಆಗುವುದಿಲ್ಲ ಅಂತ."

"ಗುಡ್ಡೆ?"

ನಾನು ಕರಪತ್ರವನ್ನು ತಿರುಗಿಸಿ ನೋಡಿದೆ. ಹಿಂದೆ ಖಾಲಿ.

"ಸೊಪ್ಪಿಲ್ಲದ ಗದ್ದೆ ಎಂತಕ್ಕೆ ಮಾಸ್ಟ್ರೇ, ಚಾಪೆ ಹಾಸಿ ಮಲಗಲಿಕ್ಕಾ?"

ಇದಕ್ಕೆ ಉತ್ತರ ಕೊಡಬೇಕಾದವನು ನೀನು.

ಹಳೆಯ ಸ್ನೇಹದಿಂದ,
ಹೇಮರಾಜ


ಬಂಟ್ವಾಳ
23-1-1957

ಹೇಮರಾಜ ಮಾಸ್ಟ್ರಿಗೆ,

ಆ ಫೋಟೋ ವಕೀಲನಾದ ವರ್ಷದ್ದು. ಬಂಟ್ವಾಳದಲ್ಲಿ ವಕಾಲತ್ತು ಶುರುಮಾಡಿದ ಮೇಲೆ ಕೂದಲೂ ಹೋಯಿತು, ಫೋಟೋ ತೆಗೆಸುವ ಪುರುಸೊತ್ತೂ ಹೋಯಿತು. ಶುಕೂರರಿಗೆ ಹೇಳು, ಮತ ಕೊಟ್ಟರೆ ಸಾಕು, ಕೂದಲು ಎಣಿಸುವುದು ಬೇಡ.

ನೀನು ಹೇಳಿದ್ದು ನೂರಕ್ಕೆ ನೂರು ಸರಿ. ನಾನೂ ಗುಡ್ಡೆಯ ಬುಡದಲ್ಲಿ ಹುಟ್ಟಿದವನೇ ಮಾರಾಯ, ತಲೆಯ ಮೇಲೆ ಸೊಪ್ಪಿನ ಕಟ್ಟ ಹೊತ್ತವನೇ. ಕರಪತ್ರ ಅಚ್ಚಾಗಿ ಹೋಯಿತು, ಇನ್ನು ತಿದ್ದಲು ಬರುವುದಿಲ್ಲ. ಆದರೆ ಬಾಯಿಯಲ್ಲಿ ಹೇಳಬಹುದಲ್ಲ. ಫೆಬ್ರವರಿ ಹತ್ತಕ್ಕೆ ಗುರುವಾಯನಕೆರೆಯಲ್ಲಿ ಸಭೆ ಇದೆ. ನೀನೂ ನಾಲ್ಕು ಮಾತಾಡು. ಜೈನರ ಮನೆಯ ಯಜಮಾನನೇ ಗೇಣಿದಾರರ ಪರ ನಿಂತು ಮಾತಾಡಿದರೆ ಅದರ ತೂಕ ಬೇರೆ. ಪೂವಮ್ಮನನ್ನೂ ಕರೆದುಕೊಂಡು ಬಾ. ಬಂದೇ ಬರುವೆ ಎಂಬ ಧೈರ್ಯದಲ್ಲಿ,

ಸುಬ್ಬಪ್ಪ


ವೇಣೂರು
12-2-1957

ಸುಬ್ಬಪ್ಪಾ,

ನಿನ್ನೆ ಬರೆಯಬೇಕೆಂದಿದ್ದೆ. ಮನೆಯಲ್ಲಿ ಸ್ವಲ್ಪ ಮಾತಾಯಿತು, ಅದು ಮುಗಿಯಲು ಇಂದು ಬೆಳಗಾಯಿತು. ತಂಗಿ ಅನಂತಮತಿಯ ಮಗ ಭರತರಾಜ ಸಭೆಯ ಹಿಂದೆ ಬಸ್ಸಿನ ಹತ್ತಿರ ನಿಂತು ನನ್ನ ಭಾಷಣ ಕೇಳಿದನಂತೆ. "ಮಾವ ನಮ್ಮ ಗದ್ದೆಯನ್ನು ಮೈಕಿನಲ್ಲಿ ಹಂಚಿದರು," ಎಂದು ಅವನ ತಾಯಿಗೆ ವರದಿ ಒಪ್ಪಿಸಿದ್ದಾನೆ. ಹೋಗಲಿ.

ಪೂವಮ್ಮ ಅಷ್ಟು ಜನರ ನಡುವೆ ಎದ್ದು ನಿಂತು ಗುಡ್ಡೆಯ ಪ್ರಶ್ನೆ ಕೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ನೀನು ಉತ್ತರ ಕೊಟ್ಟದ್ದೂ ಚೆನ್ನಾಗಿತ್ತು. "ಪೂವಮ್ಮಕ್ಕಾ, ಗದ್ದೆ ಮತ್ತು ಗುಡ್ಡೆ ಗಂಡ ಹೆಂಡತಿಯ ಹಾಗೆ. ಅವರನ್ನು ಬೇರೆ ಮಾಡುವ ಕಾನೂನಿಗೆ ಈ ಸುಬ್ಬಪ್ಪ ಕೈ ಎತ್ತುವುದಿಲ್ಲ." ಜನ ಚಪ್ಪಾಳೆ ಹೊಡೆದರು. ಹಿಂದಿನಿಂದ ಒಬ್ಬ, "ಹಾಗಾದ್ರೆ ನೀವು ಬಂಟ್ವಾಳದಲ್ಲಿ, ನಿಮ್ಮವರು ತವರಿನಲ್ಲಿ, ಅದೆಂತ ಕಾನೂನು ವಕೀಲ್ರೇ?" ಎಂದ. ಅದಕ್ಕೆ ಜನ ಇನ್ನೂ ಜೋರಾಗಿ ನಕ್ಕರು. ನೀನೂ ನಕ್ಕೆ. ನನಗೆ ಅದು ಹಿಡಿಸಿತು.

ಹಿಂದೆ ಬರುವಾಗ ಪೂವಮ್ಮ ಹೇಳಿದಳು: "ಗಂಡ ಹೋದ ಮೇಲೂ ನಾನು ಗದ್ದೆ ಮಾಡಿದ್ದೇನೆ ಮಾಸ್ಟ್ರೇ. ಗುಡ್ಡೆ ಹೋದ್ರೆ ಮಾಡ್ಲಿಕ್ಕೆ ಆಗುದಿಲ್ಲ. ಅವರಿಗೆ ಅದು ಗೊತ್ತುಂಟಾ?"

"ಗೊತ್ತುಂಟು," ಎಂದೆ. "ಅವನು ಮಾತು ಕೊಟ್ಟಿದ್ದಾನೆ. ಅವನ ಮಾತಿಗೆ ನಾನು ಜವಾಬ್ದಾರಿ."

ಇದನ್ನು ನಿನಗೆ ತಿಳಿಸಿಬಿಡುವುದು ಒಳ್ಳೆಯದೆಂದು ಬರೆದೆ.

ನಿನ್ನ ಗೆಲುವನ್ನು ಬಯಸುವ
ಹೇಮರಾಜ


ಬಂಟ್ವಾಳ
2-4-1957

ಮಾಸ್ಟ್ರೇ,

ಗೆದ್ದ ಮೇಲೆ ನನಗೆ ಬಂದ ಕಾಗದಗಳಲ್ಲಿ ಹಾರ ತುರಾಯಿಯ ಮಾತಿಲ್ಲದವು ನಿನ್ನವು ಮಾತ್ರ. ಒಂದು ತಿಂಗಳಲ್ಲಿ ನಾಲ್ಕು ಬಂದವು. ನಾಲ್ಕರಲ್ಲೂ ಗುಡ್ಡೆ.

ಬೆಂಗಳೂರಿಗೆ ಹೋಗಿ ಕೂತುಕೊಳ್ಳುವ ಮೊದಲೇ ನೀನು ಹೀಗೆ ಬೆನ್ನು ಹತ್ತಿದರೆ ಹೇಗೆ? ಕಾನೂನು ಎಂದರೆ ನಾಳೆ ಬೆಳಿಗ್ಗೆ ಆಗುವ ಕೆಲಸವಲ್ಲ. ಮಸೂದೆ ಬರಬೇಕು, ಸಮಿತಿ ಕೂರಬೇಕು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಕೆಳಬೈಲಿನ ಒಡೆತನ ನಿಮ್ಮ ಮನೆಯದ್ದು. ಅಳಿಯಸಂತಾನದ ಆ ಮನೆಗೆ ಈಗ ಯಜಮಾನ ನೀನು. ತಂಗಿಯನ್ನು ಕೂರಿಸಿ ಒಪ್ಪಿಸು. ಪೂವಮ್ಮನಿಗೆ ಗದ್ದೆಯನ್ನೂ ಸೊಪ್ಪಿನ ಹಕ್ಕನ್ನೂ ಮೂಲಗೇಣಿಗೆ ಬರೆದು ಶಾಶ್ವತ ಮಾಡಿಬಿಡು. ಬೆಳ್ತಂಗಡಿಯ ರಿಜಿಸ್ಟ್ರಿ ಕಚೇರಿಯಲ್ಲಿ ಒಂದು ದಿನದ ಕೆಲಸ. ಕಾಗದವನ್ನು ನಾನೇ ಬರೆದು ಕಳಿಸುತ್ತೇನೆ, ಫೀಸು ಬೇಡ. ನಾನು ಐದು ವರ್ಷದಲ್ಲಿ ಮಾಡಬೇಕಾದ್ದನ್ನು ನೀನು ಒಂದು ಸಹಿಯಲ್ಲಿ ಮಾಡಬಹುದು. ಯಾಕೆ ಮಾಡುವುದಿಲ್ಲ?

ಉತ್ತರಕ್ಕೆ ಕಾದಿರುವ
ಸುಬ್ಬಪ್ಪ


ವೇಣೂರು
9-4-1957

ಸುಬ್ಬಪ್ಪಾ,

ಸಿಟ್ಟಾಗಿಲ್ಲ. ಒಂದು ವಾರ ಯೋಚಿಸಿದ್ದೇನೆ.

ನಾನು ಬರೆದುಕೊಟ್ಟರೆ ಅದು ದಾನ. ಪೂವಮ್ಮ ನಾಳೆ ನಮ್ಮ ಅಂಗಳದ ಕೆಳಗೆ ಕೈ ಮುಗಿದು ನಿಲ್ಲಬೇಕು, ಅವಳ ಮಗಳೂ ನಿಲ್ಲಬೇಕು. ಅವಳದೇ ಆದದ್ದನ್ನು ಅವಳಿಗೆ ಕೊಟ್ಟು ನಾನು ಪುಣ್ಯ ಕಟ್ಟಿಕೊಳ್ಳುವುದೇ? ಹಕ್ಕು ಎಂಬುದು ಒಬ್ಬರ ಒಳ್ಳೆಯತನದಿಂದ ಬರಬಾರದು, ಕಾನೂನಿನಿಂದ ಬರಬೇಕು. ಇದನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಪೌರನೀತಿಯ ಪಾಠದಲ್ಲಿ ಹೇಳಿದ್ದೇನೆ. ವೇಣೂರಿನಿಂದ ಶಿರ್ತಾಡಿಯವರೆಗೆ ನೂರು ಪೂವಮ್ಮಂದಿರಿದ್ದಾರೆ. ನಾನು ಒಬ್ಬಳಿಗೆ ಬರೆದುಕೊಟ್ಟು ಮನೆಗೆ ಬಂದು ಮಲಗಿದರೆ ಉಳಿದವರಿಗೆ ಏನು ಹೇಳಲಿ? ನಿನ್ನನ್ನು ಆರಿಸಿ ಕಳಿಸಿದ್ದು ಅದಕ್ಕೇ.

ಅನಂತಮತಿಯ ಹತ್ತಿರ ಈ ಮಾತು ತೆಗೆಯುವುದು ನೀನು ತಿಳಿದಷ್ಟು ಸುಲಭವೂ ಅಲ್ಲ. ಅದು ಬೇರೆ ವಿಷಯ.

ಪದ್ಮಾಕ್ಷಿ ಸಂಜೆ ನನ್ನಲ್ಲಿಗೆ ಬಂದು ಓದು ಕಲಿಯುತ್ತಿದ್ದಾಳೆ. ಅಕ್ಷರ ದುಂಡಗಿದೆ.

ಕಾನೂನಿನ ದಾರಿ ಕಾಯುವ
ಹೇಮರಾಜ


ವೇಣೂರು
17-8-1959

ಸುಬ್ಬಪ್ಪಾ,

ಮಸೂದೆ ಸಮಿತಿಯಲ್ಲಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಅದನ್ನು ನಾನೊಬ್ಬನೇ ಓದಿಲ್ಲ. ಭರತರಾಜನೂ ಓದಿದ್ದಾನೆ. ಕಾನೂನು ಬರುವ ಮೊದಲೇ ಮನೆ ಪಾಲಾಗಬೇಕೆಂದು ಹಟ ಹಿಡಿದ. ಮೊನ್ನೆ ಶುಕ್ರವಾರ ಆಯಿತು.

ಪಾಲುಪಟ್ಟಿ ಹದಿನಾಲ್ಕು ಪುಟ. ಬರೆದವನು ಮಂಗಳೂರಿನವನು, ಮಹಾಪ್ರಾಣದ ಗಂಧವಿಲ್ಲ. ನಾನು ಕನ್ನಡಕ ಹಾಕಿ ಮೊದಲಿಂದ ಕೊನೆಯವರೆಗೆ ಓದಿ ಇಪ್ಪತ್ತಮೂರು ತಪ್ಪು ತಿದ್ದಿದೆ. ಕೆಳಬೈಲು ನನ್ನ ಜೀವಮಾನಕ್ಕೆಂದು ನನ್ನ ಪಾಲಿಗೆ ಬಂದಿದೆ. ನನ್ನ ನಂತರ ಅದು ಪದ್ಧತಿಯಂತೆ ತಂಗಿಯ ಮಕ್ಕಳಿಗೆ. ಹನ್ನೆರಡನೆಯ ಪುಟದಲ್ಲಿ ಒಂದು ಸಾಲಿತ್ತು: "ಗುಡ್ಡೆಯ ಕುಮ್ಕಿ ಹಕ್ಕು ಸಂಪೂರ್ಣವಾಗಿ ಮೇಲಿನ ಮನೆಯ ಪಾಲಿಗೆ." ಮೇಲಿನ ಮನೆ ಎಂದರೆ ಭರತರಾಜ. ಅಲ್ಲಿ ನಾನು ನಿಲ್ಲಿಸಿದೆ.

"ಅಣ್ಣ," ಎಂದಳು ಅನಂತಮತಿ, "ಇಷ್ಟು ವರ್ಷ ನೀವು ಓದಿದ್ದಕ್ಕೆ ನಾನು ಅಡ್ಡ ಬಂದವಳಲ್ಲ. ನನ್ನ ಮಕ್ಕಳ ಗುಡ್ಡೆಗೆ ನೀವು ಅಡ್ಡ ಬರಬೇಡಿ."

ಭರತರಾಜ ನಗುತ್ತಲೇ ಇದ್ದ. "ಮಾವ, ಕಾನೂನು ಮಾಡಲಿಕ್ಕೆ ನಿಮ್ಮ ದೋಸ್ತಿ ಕೂತಿದ್ದಾರಲ್ಲ. ಗದ್ದೆ ಗುಡ್ಡೆ ಒಟ್ಟಿಗೇ ಅಂತ ಅವರು ಕಾನೂನು ತಂದರೆ ಈ ಕಾಗದ ಎಂತ ಮಾಡ್ತದೆ? ಸುಮ್ಮನೆ ಯಾಕೆ ಜಗಳ? ಸಹಿ ಹಾಕಿ ಮಾವ, ಊಟಕ್ಕೆ ಹೊತ್ತಾಯ್ತು."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನಿನ್ನ ಸಾಲು ಕಾನೂನಿಗೆ ಸೇರಿದ ದಿನ ಈ ಸಾಲು ಸಾಯುತ್ತದೆ. ಸಾಯುವ ಸಾಲಿಗಾಗಿ ಒಡಹುಟ್ಟಿದವಳ ಜೊತೆ ಯಾಕೆ ಮಾತು ಬಿಡಲಿ? ಸಹಿ ಹಾಕಿದೆ.

ಪದ್ಮಾಕ್ಷಿಗೆ ನಿಮ್ಮ ಬಂಟ್ವಾಳದಲ್ಲೇ ಗಂಡು ಸಿಕ್ಕಿ ಮದುವೆಯಾಯಿತು. ಪೂವಮ್ಮ ಈಗ ಒಬ್ಬಳೇ. ಪಾಲಾದ ಸುದ್ದಿ ಹೇಳಿದಾಗ, "ನೀವು ಓದಿಯೇ ಸಹಿ ಹಾಕಿದ್ದಲ್ವಾ ಮಾಸ್ಟ್ರೇ?" ಎಂದಷ್ಟೇ ಕೇಳಿ ಹಟ್ಟಿಗೆ ಹೋದಳು.

ಎಲ್ಲವೂ ಈಗ ನಿನ್ನ ಕೈಯಲ್ಲಿ.

ಹೇಮರಾಜ


ಬೆಂಗಳೂರು
30-11-1961

ಹೇಮರಾಜಾ,

ಕಾನೂನು ಪಾಸಾಯಿತು. ನಿನ್ನ ಕೈಗೆ ಪತ್ರಿಕೆ ಸಿಗುವ ಮೊದಲು ನಾನೇ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಗೇಣಿದಾರನನ್ನು ಸುಮ್ಮಸುಮ್ಮನೆ ಬಿಡಿಸುವಂತಿಲ್ಲ. ಗೇಣಿಗೆ ಮಿತಿ ಬಂದಿದೆ. ರಾಷ್ಟ್ರಪತಿಗಳ ಒಪ್ಪಿಗೆಯಾಗಿ ಜಾರಿಗೆ ಬರಲು ಇನ್ನೂ ಸಮಯ ಹಿಡಿಯುತ್ತದೆ, ಆದರೆ ಬರುತ್ತದೆ. ಗುಡ್ಡೆ ಅದರಲ್ಲಿಲ್ಲ.

ನಾನು ಹೇಳಲಿಲ್ಲವೆಂದು ತಿಳಿಯಬೇಡ. ಒಂದು ಮಧ್ಯಾಹ್ನ ಅರ್ಧ ಗಂಟೆ ಹೇಳಿದೆ. ಬಯಲುಸೀಮೆಯ ಹಿರಿಯರೊಬ್ಬರು ಸಾವಧಾನವಾಗಿ ಕೇಳಿ, "ಸೊಪ್ಪಿಗೆಲ್ಲ ಕಾನೂನು ಮಾಡಲು ಕೂತರೆ ಸಗಣಿಗೂ ಮಾಡಬೇಕಾದೀತು ವಕೀಲರೇ," ಎಂದರು. ಎಲ್ಲರೂ ನಕ್ಕರು. ಹೇಮರಾಜಾ, ನಾನೂ ನಕ್ಕೆ. ನಗದೆ ಹೇಗಿರಲಿ ಹೇಳು. ಆ ನಗು ಮುಗಿಯುವಾಗ ಮುಂದಿನ ಕಲಮು ಶುರುವಾಗಿತ್ತು.

ಫೆಬ್ರವರಿಯಲ್ಲಿ ಮತ್ತೆ ಚುನಾವಣೆ. ಈ ಸಲದ ಕರಪತ್ರದಲ್ಲಿ ಕುಮ್ಕಿಯನ್ನು ಎರಡನೆಯ ಕಲಮಾಗಿಯೇ ಹಾಕಿಸುತ್ತೇನೆ. ಕರಡು ಜೊತೆಗಿದೆ, ನೋಡಿ ತಿದ್ದು.

ತಪ್ಪು ಒಪ್ಪಿಕೊಂಡ
ಸುಬ್ಬಪ್ಪ


ವೇಣೂರು
11-1-1962

ಸುಬ್ಬಪ್ಪಾ,

ನಕ್ಕದ್ದನ್ನು ನೀನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಹಾಗಾಗಿ ಈ ಕಾಗದವನ್ನಾದರೂ ಬರೆಯುತ್ತಿದ್ದೇನೆ.

ಕಾನೂನಿನಲ್ಲಿ ಗುಡ್ಡೆ ಇಲ್ಲವೆಂದು ಪತ್ರಿಕೆಯಲ್ಲಿ ಬಂದ ಹದಿನೈದನೆಯ ದಿನ ಭರತರಾಜ ಗುಡ್ಡೆಗೆ ಬೇಲಿ ಹಾಕಿಸಿದ. ಒಳಹೋಗುವ ತಡಮೆಗೆ ಮುಳ್ಳು ತುಂಬಿಸಿದ. ಪೂವಮ್ಮ ಕತ್ತಿ, ಹಗ್ಗ ಹಿಡಿದು ಅಲ್ಲಿ ನಿಂತಿದ್ದಾಗ ಅವನೇ ಬಂದನಂತೆ. "ಗದ್ದೆ ಮಾವನದ್ದಲ್ವಾ ಪೂವಮ್ಮ? ಸೊಪ್ಪೂ ಮಾವನ ಹತ್ತಿರವೇ ಕೇಳು. ಅವರಲ್ಲಿ ಕಾಗದ ಬೇಕಾದಷ್ಟು ಉಂಟು, ಹಟ್ಟಿಗೆ ಹಾಕಿಸು."

ಇದನ್ನು ಅವಳು ನನಗೆ ಹೇಳಲಿಲ್ಲ. ಶುಕೂರರು ಹೇಳಿದರು.

ಅವಳಿಗೆ ಎರಡು ಎತ್ತು, ಮೂರು ದನ ಇದ್ದವು. ದನ ಮೇಯುವುದೂ ಅದೇ ಗುಡ್ಡೆಯಲ್ಲಿ. ಈಗ ಶಿರ್ತಾಡಿಯ ಕಡೆಯ ಕಾಡಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಒಂದು ಕಟ್ಟ ಸೊಪ್ಪು ತರುತ್ತಾಳೆ. ಒಂದು ಕಟ್ಟ ಎಷ್ಟಕ್ಕೆ ಸಾಕಾಗುತ್ತದೆಂದು ನಿನಗೆ ಗೊತ್ತು. ನೀನು ಹೊತ್ತವನು.

ಗೇಣಿ ಕೊಡಬೇಡ ಎಂದೆ. "ಗೇಣಿ ಬಿಟ್ರೆ ಸೊಪ್ಪು ಬರ್ತದಾ?" ಎಂದಳು. ಭರತರಾಜನ ಹತ್ತಿರ ಹೋದೆ. ಹನ್ನೆರಡನೆಯ ಪುಟವನ್ನು ತೆರೆದು ನನ್ನ ಮುಂದೆ ಹಿಡಿದ. ನಾನು ತಿದ್ದಿದ ಮಹಾಪ್ರಾಣ ಅಲ್ಲೂ ಇತ್ತು.

ಐವತ್ತೇಳರಲ್ಲಿ ನೀನು ಹೇಳಿದ್ದನ್ನು ಮಾಡಿದ್ದರೆ ಎಂದು ಕೇಳಬೇಡ. ಅದನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ.

ಕರಡನ್ನು ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಮತವನ್ನೂ ಕೊಡುತ್ತೇನೆ. ಬೇರೆಯವರ ಕರಪತ್ರಗಳಲ್ಲಿ ಗುಡ್ಡೆಯ ಹೆಸರೂ ಇಲ್ಲ.

ಹೇಮರಾಜ


ಬಂಟ್ವಾಳ
6-9-1964

ಪೂಜ್ಯ ಮಾಸ್ಟ್ರಿಗೆ ಪದ್ಮಾಕ್ಷಿಯ ನಮಸ್ಕಾರ.

ನೀವು ಕಲಿಸಿದ ಅಕ್ಷರ ಮರೆತಿಲ್ಲ, ಆದರೆ ತಪ್ಪಿದ್ದರೆ ತಿದ್ದಿ ಓದಬೇಕು. ಇಲ್ಲಿ ಬೀಡಿ ಕಟ್ಟುತ್ತೇನೆ. ಎರಡು ಮಕ್ಕಳು.

ಅಮ್ಮ ಅಷ್ಟಮಿಗೆ ಬಂದಿದ್ದರು. ತುಂಬಾ ಇಳಿದಿದ್ದಾರೆ. ಕೇಳಿದರೆ, "ಎಂತ ಇಲ್ಲ, ಎಲ್ಲಾ ಸರಿ ಉಂಟು," ಎನ್ನುತ್ತಾರೆ. ದನಗಳನ್ನು ಕೊಟ್ಟದ್ದು ಮಾತಿನ ನಡುವೆ ಗೊತ್ತಾಯಿತು. ಎತ್ತನ್ನೂ ಕೊಟ್ಟರಾ ಎಂದದ್ದಕ್ಕೆ ಮಗುವನ್ನು ಎತ್ತಿಕೊಂಡು ಹೊರಗೆ ಹೋದರು. ಗುಡ್ಡೆಯಲ್ಲಿ ಭರತರಾಜ ಧನಿಗಳು ರಬ್ಬರ್ ಗಿಡ ಹಾಕಿಸಿದ್ದಾರೆ ಎಂದು ನಮ್ಮ ಊರಿನವರೊಬ್ಬರು ಪೇಟೆಯಲ್ಲಿ ಹೇಳಿದರು. ಹೌದಾ?

ಗದ್ದೆ ಬಿಟ್ಟು ಇಲ್ಲಿಗೆ ಬನ್ನಿ ಎಂದೆ. ಅಮ್ಮ ಸಿಟ್ಟಾದರು. "ಅದು ಹೇಗೆ ಬಿಡುವುದು? ಮಾಸ್ಟ್ರು ಜವಾಬ್ದಾರಿ ಅಂತ ಹೇಳಿದ್ದಾರೆ. ಕಾನೂನು ಬರ್ತದೆ," ಎಂದರು. ಯಾವಾಗ ಬರ್ತದೆ ಎಂದು ನೀವಾದರೂ ನನಗೆ ಬರೆಯಬೇಕು.

ನಿಮ್ಮ ವಿದ್ಯಾರ್ಥಿನಿ,
ಪದ್ಮಾಕ್ಷಿ


ಬೆಂಗಳೂರು
22-11-1965

ಶ್ರೀ ಹೇಮರಾಜ, ನಿವೃತ್ತ ಅಧ್ಯಾಪಕರು, ವೇಣೂರು, ಇವರಿಗೆ.

ಮಾನ್ಯರೇ,

ತಾವು ಮಾನ್ಯ ಶಾಸಕರಿಗೆ ಬರೆದ ಐದು ಪತ್ರಗಳು ತಲುಪಿವೆ. ಭೂಸುಧಾರಣಾ ಕಾನೂನು ಕಳೆದ ತಿಂಗಳು ಜಾರಿಗೆ ಬಂದಿರುವುದನ್ನು ತಿಳಿಸಲು ಸಂತೋಷಪಡುತ್ತೇವೆ. ಕುಮ್ಕಿಯ ವಿಷಯವು ಕಂದಾಯ ಇಲಾಖೆಗೆ ಸಂಬಂಧಿಸಿದ್ದಾಗಿದ್ದು, ಅದು ಪರಿಶೀಲನೆಯಲ್ಲಿದೆ. ಗೊಬ್ಬರದ ಕೊರತೆ ಇರುವ ರೈತರು ಸಹಕಾರಿ ಸಂಘದಲ್ಲಿ ರಾಸಾಯನಿಕ ಗೊಬ್ಬರಕ್ಕೆ ಅರ್ಜಿ ಸಲ್ಲಿಸಬಹುದು.

ಶಾಸಕರ ಪರವಾಗಿ,
ಆಪ್ತ ಸಹಾಯಕ


ವೇಣೂರು
19-11-1966

ಮಾನ್ಯ ಶಾಸಕರಿಗೆ,

ಇದನ್ನೂ ನಿಮ್ಮ ಆಪ್ತ ಸಹಾಯಕರೇ ಓದುವುದಾದರೆ ಅವರಿಗೂ ನಮಸ್ಕಾರ.

ಸಂಘದ ಗೊಬ್ಬರವನ್ನು ಪೂವಮ್ಮ ಹಾಕಿ ನೋಡಿದಳು. ಉಳಲು ಎತ್ತಿಲ್ಲ. ಬೇರೆಯವರು ತಮ್ಮ ಗದ್ದೆ ಮುಗಿಸಿ ಇವಳಲ್ಲಿಗೆ ಎತ್ತು ತರುವಾಗ ಹದ ತಪ್ಪಿರುತ್ತಿತ್ತು. ಸುಗ್ಗಿ ಬೆಳೆ ನಿಂತು ಎರಡು ವರ್ಷವಾಯಿತು. ಈ ಏಣೇಲಿನಲ್ಲಿ ಬಂದದ್ದು ಜೊಳ್ಳು.

ಹಿಂದಿನ ಸೋಮವಾರ ಅವಳು ಬಂದು ಜಗಲಿಯ ಕೆಳಗೆ ನಿಂತಳು. ಮೇಲೆ ಬಾ ಎಂದರೂ ಬರಲಿಲ್ಲ.

"ಮಾಸ್ಟ್ರೇ, ಒಂದು ಕಾಗದ ಬರೆದು ಕೊಡ್ಬೇಕು. ಗದ್ದೆ ಬಿಡ್ತೇನೆ ಅಂತ."

"ಯಾರಿಗೆ?"

"ನಿಮಗೇ. ಗದ್ದೆ ನಿಮ್ಮದಲ್ವಾ?"

ಬೇಡ ಎಂದೆ. ಈಗ ಕಾನೂನು ಬಂದಿದೆ, ನಿನ್ನನ್ನು ಯಾರೂ ಏಳಿಸಲಾರರು ಎಂದೆ. ಕಾನೂನಿನ ಪುಸ್ತಕ ತಂದು ಆ ಕಲಮನ್ನು ಓದಿದೆ. ಅವಳು ಪೂರ್ತಿ ಕೇಳಿದಳು. ಕೇಳಿ, "ಒಳ್ಳೆದುಂಟು," ಎಂದಳು. "ಬರೀರಿ."

ಬರೆದೆ. ನನಗೆ ನಾನೇ ಬರೆದ ಅರ್ಜಿ. "ನನ್ನ ಸ್ವಂತ ಇಚ್ಛೆಯಿಂದ" ಎಂದು ಬರೆಯಲೇಬೇಕಂತೆ, ಇಲ್ಲದಿದ್ದರೆ ಊರ್ಜಿತವಲ್ಲ. ಬೆಳ್ತಂಗಡಿಯ ಕಚೇರಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಸಾಹೇಬರು ಸಜ್ಜನರು. "ಅಮ್ಮಾ, ಯಾರಾದರೂ ಒತ್ತಾಯ ಮಾಡಿದ್ದಾರಾ? ಹೆದರಬೇಡಿ, ಹೇಳಿ," ಎಂದು ಎರಡು ಸಲ ಕೇಳಿದರು.

"ಇಲ್ಲ ಸ್ವಾಮಿ. ಯಾರೂ ಎಂತದೂ ಮಾಡ್ಲಿಲ್ಲ."

ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಸಾಹೇಬರು ಅವಳ ಹೆಬ್ಬೆಟ್ಟು, ನನ್ನ ಸಹಿ ಹಾಕಿಸಿಕೊಂಡು, "ಕಾಗದ ಚೆನ್ನಾಗಿ ಬರೆದಿದ್ದೀರಿ," ಎಂದು ನನ್ನನ್ನು ಹೊಗಳಿದರು. ಪೂವಮ್ಮ ಅಲ್ಲಿಂದ ನೇರವಾಗಿ ಬಂಟ್ವಾಳದ ಬಸ್ಸು ಹತ್ತಿದಳು. ಕೈಯಲ್ಲಿ ಒಂದೇ ಗಂಟು ಇತ್ತು.

ಹೇಮರಾಜ


ಬಂಟ್ವಾಳ
8-1-1967

ಹೇಮರಾಜಾ,

ಇದನ್ನು ನನ್ನ ಕೈಯಾರೆ ಬರೆಯುತ್ತಿದ್ದೇನೆ. ನಿನ್ನ ನವೆಂಬರಿನ ಕಾಗದ ನನ್ನ ಕೈಗೆ ಬಂದದ್ದು ಮೊನ್ನೆ. 'ಮಾನ್ಯ ಶಾಸಕರು' ಎಂದು ಬರೆದಿದ್ದೀ. ನಲವತ್ತು ವರ್ಷದ ನಂತರ ನನ್ನನ್ನು 'ನೀವು' ಎಂದಿದ್ದೀ. ಅದಕ್ಕೆ ನಾನು ಅರ್ಹನೇ ಇರಬಹುದು.

ಪೂವಮ್ಮನ ಮನೆ ಇಲ್ಲಿ ಹತ್ತಿರವೇ ಇದೆಯಂತೆ. ಹೋಗಬೇಕೆಂದಿದ್ದೇನೆ. ಹೋಗಿ ಏನು ಹೇಳಲಿ ಎಂದು ಯೋಚಿಸಿ ನಿಂತಿದ್ದೇನೆ.

ಚುನಾವಣೆ ಹತ್ತಿರ ಬಂತು. ಈ ಸಲ ಕಷ್ಟವಿದೆ. ಕರಪತ್ರದ ಮೊದಲ ಸಾಲು ಹೀಗೆ ಬರೆಸಿದ್ದೇನೆ: "ಕಾನೂನು ಜಾರಿಗೆ ಬಂದ ಮೇಲೆ ನಮ್ಮ ಕ್ಷೇತ್ರದಲ್ಲಿ ಒಂದೇ ಒಂದು ರೈತ ಕುಟುಂಬವನ್ನೂ ಅದರ ಗದ್ದೆಯಿಂದ ಬಲವಂತವಾಗಿ ಎಬ್ಬಿಸಿಲ್ಲ." ಕಚೇರಿಯ ದಾಖಲೆ ತರಿಸಿ ನೋಡಿದ್ದೇನೆ. ಮಾತು ಸುಳ್ಳಲ್ಲ. ಕರಡು ಜೊತೆಗಿದೆ, ಕೆಳಗೆ ಊರಿನ ಕೆಲವು ಹಿರಿಯರ ಸಹಿ ಬೇಕು. ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಸುಬ್ಬಪ್ಪ


ವೇಣೂರು
13-1-1967

ಮಾನ್ಯರೇ,

ಕರಡನ್ನು ಹಿಂದೆ ಕಳಿಸಿದ್ದೇನೆ. ನಾಲ್ಕು ಕಡೆ ಅಕ್ಷರ ತಪ್ಪಿತ್ತು, ತಿದ್ದಿದ್ದೇನೆ. ಮೊದಲ ಸಾಲನ್ನು ತೆಗೆಯುವ ಅಗತ್ಯವಿಲ್ಲ. ಅದು ನಿಜ. ಪೂವಮ್ಮನೇ ಕಚೇರಿಯಲ್ಲಿ ಎರಡು ಸಲ ಹೇಳಿದ್ದಾಳೆ.

ಸಹಿ ಹಾಕಿಲ್ಲ. ನಾನು ಓದಿ, ತಿದ್ದಿ, ಸಹಿ ಹಾಕಿದ ಕಾಗದಗಳು ಈಗಾಗಲೇ ಎರಡಾಗಿವೆ.

ಹೇಮರಾಜ


ಬಂಟ್ವಾಳ
28-6-1967

ಪೂಜ್ಯ ಮಾಸ್ಟ್ರಿಗೆ,

ಅಮ್ಮನ ವಿಷಯ ಬರೆಯುತ್ತಿದ್ದೇನೆ. ಬೀಡಿ ಕಟ್ಟಲು ಹೇಳಿಕೊಟ್ಟೆ, ಬೆರಳು ಒಗ್ಗುವುದಿಲ್ಲ. ದಪ್ಪ ಆಗುತ್ತದೆ, ಕಂಪನಿಯವರು ತೆಗೆದು ಬಿಸಾಡುತ್ತಾರೆ. ಈಗ ಮಕ್ಕಳನ್ನು ನೋಡಿಕೊಂಡು ಇರುತ್ತಾರೆ.

ಮಾರ್ಚಿನಲ್ಲಿ ಸುಬ್ಬಪ್ಪ ವಕೀಲರು ಬಂದಿದ್ದರು. ಸೋತ ಮೇಲೆ. ಮುಕ್ಕಾಲು ಗಂಟೆ ಕೂತರು. ಅಮ್ಮ ಚಾ ಕೊಟ್ಟು, "ಗುರುವಾಯನಕೆರೆಯಲ್ಲಿ ನೀವು ಒಳ್ಳೆ ಮಾತಾಡಿದ್ರಿ," ಎಂದರು. ಅವರು ಚಾ ಅರ್ಧ ಬಿಟ್ಟು ಹೋದರು.

ಇಲ್ಲಿ ನೆರೆಯವರು ಊರು ಯಾವುದು ಎಂದರೆ ಅಮ್ಮ ವೇಣೂರು ಎನ್ನುತ್ತಾರೆ. ಗದ್ದೆ ಉಂಟಾ ಎಂದರೆ, "ಉಂಟು, ಮಾಸ್ಟ್ರ ಹತ್ತಿರ ಕೊಟ್ಟಿದ್ದೇನೆ," ಎನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ಮಳೆ ಹಿಡಿದ ಮೇಲೆ ದಿನಾ ಒಂದೇ ಮಾತು. ನಿಮಗೆ ಬರೆದು ಕೇಳಲೇಬೇಕಂತೆ. ಕೆಳಬೈಲಿನಲ್ಲಿ ಈ ಸಲ ಭತ್ತದ ನೇಜಿ ನೆಟ್ಟಾಯಿತಾ? ಯಾರು ನೆಟ್ಟರು?

ಪದ್ಮಾಕ್ಷಿ


ವೇಣೂರು
9-7-1967

ಪದ್ಮಾಕ್ಷಿಗೆ ಮಾಸ್ಟ್ರು ಮಾಡುವ ಆಶೀರ್ವಾದ.

ನಿನ್ನ ಕಾಗದದಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.

ಕೆಳಬೈಲು ಮಾಡಲು ಏಪ್ರಿಲ್‌ನಿಂದ ಜನ ಹುಡುಕಿದೆ. ಗೇಣಿ ಬೇಡ, ಬೆಳೆದದ್ದನ್ನೆಲ್ಲ ನೀವೇ ಕೊಂಡುಹೋಗಿ ಎಂದೆ. ಆರು ಮನೆಗೆ ಹೋಗಿ ಬಂದೆ. ಎಲ್ಲರೂ ಮರ್ಯಾದೆಯಿಂದ ಮಣೆ ಕೊಟ್ಟರು, ಬೆಲ್ಲ ನೀರು ಕೊಟ್ಟರು. ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: "ಸೊಪ್ಪು ಎಲ್ಲಿಂದ ಮಾಸ್ಟ್ರೇ?" ನಾನೇ ಎತ್ತು ಬಾಡಿಗೆಗೆ ತರಿಸಿ ಒಂದು ದಿನ ಉಳುಮೆ ಮಾಡಿಸಿದೆ. ಉಳುವವನು ಎರಡು ಸುತ್ತು ಹಾಕಿ, "ಇದರಲ್ಲಿ ಜೀವ ಇಲ್ಲ, ಸುಮ್ಮನೆ ನಿಮ್ಮ ದುಡ್ಡು ಹಾಳು," ಎಂದು ನೊಗ ಬಿಚ್ಚಿದ. ಈಗ ಮೊಣಕಾಲು ನೀರು ನಿಂತಿದೆ. ಒಂದು ಮೂಲೆಯಲ್ಲಿ ಜೊಂಡು ಬಂದಿದೆ. ಗದ್ದೆಯ ಅಂಚಿನ ಕಟ್ಟಪುಣಿ ಎರಡು ಕಡೆ ಕುಸಿದಿದೆ. ಅದನ್ನು ಕಟ್ಟಲು ನನಗೆ ಬರುವುದಿಲ್ಲ. ಅರುವತ್ತೇಳು ವರ್ಷ ಆ ಗದ್ದೆಯ ಅನ್ನ ತಿಂದರೂ ಮಣ್ಣು ಹೇಗೆ ಮೆತ್ತುವುದೆಂದು ನಾನು ಒಂದು ದಿನವೂ ನೋಡಿ ಕಲಿತಿಲ್ಲ.

ನೇಜಿ ಯಾರೂ ನೆಟ್ಟಿಲ್ಲ.

ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಓದುವ ಹಾಗೆ ಕಾಗದ ಹಿಡಿದುಕೊಂಡು, ನೆಟ್ಟಾಯಿತು ಎನ್ನು. ಯಾರು ಎಂದು ಕೇಳಿದರೆ, ಮಾಸ್ಟ್ರೇ ನಿಂತು ನೆಡಿಸಿದರು ಎನ್ನು.

ನಂಬುತ್ತಾಳೆ. ಇಷ್ಟು ವರ್ಷ ನಂಬಿದ್ದಾಳೆ.

ಹೇಮರಾಜ